ಈಜಿಪ್ಟಿನ ಪುರಾವಸ್ತುಗಳ ಕ್ಯುರೇಟರ್ ಆಗಬೇಕೆ? ಲಿಪಿ ಕಲಿಯಿರಿ, ಕಾಗದಪತ್ರ ಓದಿ

ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ಬಗೆಯನ್ನು 1822ರಲ್ಲಿ ಬಿಡಿಸಿದ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ 1826ರಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನ ಈಜಿಪ್ಟ್ ವಿಭಾಗಕ್ಕೆ ಮೊದಲ ಕ್ಯುರೇಟರ್ ಆದ. ಆದರೆ ಆತ ಈಜಿಪ್ಟನ್ನು ಕಣ್ಣಾರೆ ಕಂಡದ್ದು 1828ರಲ್ಲಿ. ಅಲ್ಲಿಯವರೆಗೆ ಅವನ ಕೆಲಸವೆಲ್ಲ ನಡೆದದ್ದು ಯುರೋಪಿನ ಉಗ್ರಾಣಗಳಲ್ಲಿ. 1824ರಲ್ಲಿ ಇಟಲಿಯ ಟ್ಯೂರಿನ್ನಿಗೆ ಹೋಗಿ, ಅಲ್ಲಿಗೆ ಹೊಸದಾಗಿ ಬಂದಿದ್ದ ದ್ರೊವೆತ್ತಿ ಸಂಗ್ರಹದ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಚೂರುಗಳನ್ನು ವಿಂಗಡಿಸುತ್ತ ಕೂತ. ಲಿವೋರ್ನೋ ಬಂದರಿನಲ್ಲಿ ಮಾರಾಟಕ್ಕಿದ್ದ, ಈಜಿಪ್ಟಿನಲ್ಲಿ ಬ್ರಿಟನ್ನಿನ ಕಾನ್ಸುಲ್ ಆಗಿದ್ದ ಹೆನ್ರಿ ಸಾಲ್ಟನ ಸಂಗ್ರಹವನ್ನು ಪರೀಕ್ಷಿಸಿ, ಫ್ರಾನ್ಸಿನ ದೊರೆ ಅದನ್ನು ಕೊಳ್ಳುವಂತೆ ಮಾಡಿದ.

ಇನ್ನೂರು ವರ್ಷ ಕಳೆದರೂ ಈ ವೃತ್ತಿಯ ಸ್ವಭಾವ ಹೆಚ್ಚು ಬದಲಾಗಿಲ್ಲ. ಅಗೆಯುವುದು ಪುರಾತತ್ವದವರ ಕೆಲಸ. ಅಗೆದು ತಂದದ್ದು, ಕೊಂಡು ತಂದದ್ದು, ಕೆಲವೊಮ್ಮೆ ಕದ್ದು ತಂದದ್ದು ಏನು, ಎಲ್ಲಿಯದು, ಯಾರ ಯಾರ ಕೈ ದಾಟಿ ಈ ಕಪಾಟಿಗೆ ಬಂತು ಎಂದು ಆಧಾರ ಸಮೇತ ಹೇಳುವುದು ಕ್ಯುರೇಟರ್ ಕೆಲಸ. ಮರಳು, ಗೋರಿ, ಟಾರ್ಚಿನ ಬೆಳಕು ಇವೇ ನಿಮ್ಮನ್ನು ಸೆಳೆಯುತ್ತಿದ್ದರೆ ಪುರಾತತ್ವಕ್ಕೇ ಹೋಗಿ. ಹಳೆಯ ರಿಜಿಸ್ಟರಿನ ಮಾಸಿದ ಅಕ್ಷರ ಓದಲು ಬೇಸರವಿಲ್ಲ ಎಂದಾದರೆ ಮುಂದೆ ಓದಿ.

ಮೊದಲು: ಕೆಲಸ ಏನೆಂದು ತಿಳಿದುಕೊಳ್ಳಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಈಜಿಪ್ಟ್ ಮತ್ತು ಸುಡಾನ್ ವಿಭಾಗದಲ್ಲಿ 1 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಪ್ರವಾಸಿಗರು ನೋಡುವುದು ಅದರ ಸಣ್ಣ ಪಾಲನ್ನು ಮಾತ್ರ. ಉಳಿದದ್ದು ಉಗ್ರಾಣದಲ್ಲಿರುತ್ತದೆ, ಕ್ಯುರೇಟರ್ ದಿನದ ಬಹುಪಾಲು ಕಳೆಯುವುದು ಅದರ ಜೊತೆಗೇ. ಹೊರಗಿನ ಸಂಶೋಧಕರೊಬ್ಬರು ಒಂದು ಮಣಿಸರ ನೋಡಬೇಕೆಂದು ಬರೆದಿರುತ್ತಾರೆ. ಇನ್ನೊಂದು ದೇಶದ ಮ್ಯೂಸಿಯಂ ಒಂದು ಶವಪೆಟ್ಟಿಗೆಯನ್ನು ಪ್ರದರ್ಶನಕ್ಕೆ ಎರವಲು ಕೇಳಿರುತ್ತದೆ. ಗ್ಯಾಲರಿಯ ಲೇಬಲ್ಲಿನಲ್ಲಿ ರಾಜವಂಶದ ಸಂಖ್ಯೆ ತಪ್ಪಿದೆ ಎಂದು ಯಾರೋ ದೂರಿರುತ್ತಾರೆ. ಹೀಗೆ ದಿನ ಹೋಗುತ್ತದೆ. ವಸ್ತುವಿನ ರಿಪೇರಿ ಕನ್ಸರ್ವೇಟರ್ ಕೆಲಸ, ಸಾಗಣೆ ಮತ್ತು ವಿಮೆಯ ಕಾಗದ ರಿಜಿಸ್ಟ್ರಾರ್ ಕೆಲಸ. ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಇವು ಬೇರೆ ಬೇರೆ ಹುದ್ದೆಗಳು. ಸಣ್ಣ ಊರಿನ ಮ್ಯೂಸಿಯಮ್ಮಿನಲ್ಲಿ ಮೂರನ್ನೂ ಒಬ್ಬರೇ ಮಾಡುತ್ತಿರುತ್ತಾರೆ, ಜೊತೆಗೆ ಶಾಲಾ ಮಕ್ಕಳನ್ನೂ ಸಂಭಾಳಿಸುತ್ತಿರುತ್ತಾರೆ.

ಒಂದು ವಸ್ತುವಿಗೆ ಎಷ್ಟು ಗುರುತುಗಳಿರಬಹುದು ಎನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಟುಟಾಂಖಾಮುನ್ ದೊರೆಯ ಚಿನ್ನದ ಮುಖವಾಡ. 1922ರ ನವೆಂಬರಿನಲ್ಲಿ ಗೋರಿಯನ್ನು ಪತ್ತೆಹಚ್ಚಿದ ಹೊವಾರ್ಡ್ ಕಾರ್ಟರ್ ತನ್ನ ಚೀಟಿಗಳಲ್ಲಿ ಮುಖವಾಡಕ್ಕೆ ಕೊಟ್ಟದ್ದು 256ಎ ಎಂಬ ಸಂಖ್ಯೆ. ಕೈರೋ ಮ್ಯೂಸಿಯಮ್ಮಿನ ಆಗಮನ ಪುಸ್ತಕದಲ್ಲಿ ಅದೇ ವಸ್ತು ಜೆಇ 60672. ಆ ಗೋರಿಯ 5,000ಕ್ಕೂ ಮಿಕ್ಕಿದ ವಸ್ತುಗಳು ಈಗ ಸೇರಿರುವುದು 2025ರ ನವೆಂಬರ್ 1ರಂದು ಉದ್ಘಾಟನೆಯಾದ ಗೀಜಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂಗೆ. ಮನೆ ಬದಲಾದರೂ ಹಳೆಯ ಸಂಖ್ಯೆಗಳನ್ನು ಯಾರೂ ಅಳಿಸುವುದಿಲ್ಲ, ಕಾರ್ಟರನ ಟಿಪ್ಪಣಿಯನ್ನು ಇವತ್ತಿನ ವಸ್ತುವಿಗೆ ಜೋಡಿಸುವ ಕೊಂಡಿ ಅವೇ.

ಮನೆಯಲ್ಲೇ ಶುರು ಮಾಡಬಹುದಾದ ತಾಲೀಮು

ವಿಶ್ವವಿದ್ಯಾಲಯ ಸೇರುವವರೆಗೆ ಕಾಯಬೇಡಿ. ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಲಂಡನ್ನಿನ ಪೆಟ್ರೀ ಮ್ಯೂಸಿಯಂ, ಟ್ಯೂರಿನ್ನಿನ ಮ್ಯೂಸಿಯೋ ಎಜಿಜಿಯೋ ಇವೆಲ್ಲ ತಮ್ಮ ಸಂಗ್ರಹವನ್ನು ಫೋಟೋ ಸಮೇತ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ತೆರೆದಿಟ್ಟಿವೆ. ಒಂದೇ ಬಗೆಯ ವಸ್ತುವನ್ನು ಆರಿಸಿಕೊಳ್ಳಿ. ನನ್ನ ಸಲಹೆ ಶಬ್ತಿ ಗೊಂಬೆಗಳು: ಸತ್ತವನನ್ನು ಪರಲೋಕದಲ್ಲಿ ಹೊಲದ ಬಿಟ್ಟಿ ದುಡಿಮೆಗೆ ಕರೆದಾಗ ‘ಇಗೋ ನಾನಿದ್ದೇನೆ’ ಎಂದು ಅವನ ಪರವಾಗಿ ಏಳಬೇಕಾದ ಪುಟ್ಟ ಆಳುಗಳು. ದಿನಕ್ಕೊಬ್ಬನಂತೆ 365, ಅವರ ಮೇಲೆ 36 ಮೇಸ್ತ್ರಿಗಳು, ಒಟ್ಟು 401 ಎಂಬ ಲೆಕ್ಕ ಮುಂದಿನ ಕಾಲದಲ್ಲಿ ರೂಢಿಗೆ ಬಂತು. ಟುಟಾಂಖಾಮುನ್ ಗೋರಿಯಲ್ಲಿ ಸಿಕ್ಕಿದ್ದು 413. ಶಬ್ತಿಗಳು ಜಗತ್ತಿನ ಮೂಲೆ ಮೂಲೆಯ ಮ್ಯೂಸಿಯಮ್ಮುಗಳಲ್ಲಿ ಸಾವಿರಗಟ್ಟಲೆ ಇವೆ, ಬರಹ ಇರುತ್ತದೆ, ಕಾಲದಿಂದ ಕಾಲಕ್ಕೆ ಆಕಾರ ಬದಲಾಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ.

ನಾಲ್ಕಾರು ಮ್ಯೂಸಿಯಮ್ಮುಗಳಿಂದ ಇಪ್ಪತ್ತು ಶಬ್ತಿಗಳನ್ನು ಆಯ್ದು ಒಂದು ಕೋಷ್ಟಕ ಮಾಡಿ. ಮ್ಯೂಸಿಯಂ ಸಂಖ್ಯೆ, ಎತ್ತರ, ಯಾವುದರಿಂದ ಮಾಡಿದ್ದು, ಕೈಯಲ್ಲಿ ಏನು ಹಿಡಿದಿದೆ, ಹೆಸರಿದೆಯೇ, ಎಲ್ಲಿ ಸಿಕ್ಕಿತು, ಮ್ಯೂಸಿಯಮ್ಮಿಗೆ ಯಾವ ವರ್ಷ ಬಂತು, ಯಾರಿಂದ ಬಂತು ಎಂದು ತುಂಬುತ್ತ ಹೋಗಿ. ‘ಎಲ್ಲಿ ಸಿಕ್ಕಿತು’ ಎನ್ನುವ ಕಾಲಂ ಹಲವು ಕಡೆ ಖಾಲಿ ಉಳಿಯುತ್ತದೆ. ಕ್ಯುರೇಟರ್ ಆಗುವವರ ಕುತೂಹಲ ಶುರುವಾಗಬೇಕಾದದ್ದು ಆ ಖಾಲಿ ಜಾಗದಲ್ಲಿ.

ಆಮೇಲೆ ನಿಜವಾದ ವಸ್ತುಗಳನ್ನು ನೋಡಲು ಹೋಗಿ. ಅದಕ್ಕೆ ವೀಸಾ ಬೇಕಿಲ್ಲ. ಹೈದರಾಬಾದಿನ ತೆಲಂಗಾಣ ರಾಜ್ಯ ಪುರಾತತ್ವ ಮ್ಯೂಸಿಯಮ್ಮಿನಲ್ಲಿ ನಿಜಾಮರ ಕಾಲದಲ್ಲಿ ಬಂದ ಒಂದು ಮಮ್ಮಿ ಇದೆ, ಬೆಂಗಳೂರಿನಿಂದ ಒಂದು ರಾತ್ರಿಯ ರೈಲು ಪ್ರಯಾಣ ಅಷ್ಟೆ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ, ಜೈಪುರದ ಆಲ್ಬರ್ಟ್ ಹಾಲ್, ಲಖನೌದ ರಾಜ್ಯ ಮ್ಯೂಸಿಯಂ, ಸಯಾಜಿರಾವ್ ಗಾಯಕವಾಡರು 1895ರಲ್ಲಿ ಕೊಂಡ ಮಮ್ಮಿ ಇರುವ ವಡೋದರದ ಮ್ಯೂಸಿಯಂ, ಇಲ್ಲೆಲ್ಲ ಮಮ್ಮಿಗಳಿವೆ. ಹೋದಾಗ ಮಮ್ಮಿಯನ್ನು ಐದು ನಿಮಿಷ ನೋಡಿ, ಲೇಬಲ್ಲನ್ನು ಹದಿನೈದು ನಿಮಿಷ ಓದಿ. ಏನು ಹೇಳಿದೆ, ಏನು ಹೇಳಿಲ್ಲ? ‘ಕ್ರಿ.ಪೂ.’ ಎಂದು ಬರೆದದ್ದಕ್ಕೆ ಆಧಾರ ಶವಪೆಟ್ಟಿಗೆಯ ಬರಹವೋ, ಎಕ್ಸ್-ರೇ ಪರೀಕ್ಷೆಯೋ, ಅಥವಾ ಹಿಂದಿನವರು ಹೇಳಿದ್ದನ್ನೇ ನಂಬಿದ್ದೋ? ಅನುಮತಿ ಇದ್ದರೆ ಫೋಟೋ ತೆಗೆದುಕೊಂಡು, ಮನೆಗೆ ಬಂದು ಅದೇ ಲೇಬಲ್ಲನ್ನು 60 ಪದಗಳಲ್ಲಿ ಕನ್ನಡದಲ್ಲಿ ಹೊಸದಾಗಿ ಬರೆಯಿರಿ. ಕೇಳಲು ಸಲೀಸು, ಕೂತರೆ ಬೆವರು ಬರುತ್ತದೆ.

ಪದವಿ: ಭಾರತದಲ್ಲಿ ಏನು, ಹೊರಗೆ ಏನು

ಈಜಿಪ್ಟಾಲಜಿಯ ಪೂರ್ಣ ತರಬೇತಿ ಸಿಗುವುದು ಹೊರದೇಶದಲ್ಲಿ. ಆದರೆ ಪಿಯುಸಿ ಮುಗಿಯುತ್ತಲೇ ಸಾಲ ಮಾಡಿ ವಿಮಾನ ಹತ್ತಬೇಕಿಲ್ಲ, ನನ್ನ ಮಟ್ಟಿಗೆ ಅದು ಒಳ್ಳೆಯ ಯೋಜನೆಯೂ ಅಲ್ಲ. ಮೊದಲ ಪದವಿಯನ್ನು ಇತಿಹಾಸ ಅಥವಾ ಪುರಾತತ್ವದಲ್ಲಿ ಇಲ್ಲೇ ಮಾಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರದ ಗಟ್ಟಿ ಪರಂಪರೆಯಿದೆ, ಪುಣೆಯ ಡೆಕ್ಕನ್ ಕಾಲೇಜು ಪುರಾತತ್ವಕ್ಕೇ ಹೆಸರಾದದ್ದು. ಮ್ಯೂಸಿಯಾಲಜಿ ಬೇಕೆಂದರೆ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಇವೆ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿ. ಶಾಸನದ ಮೇಲೆ ಒದ್ದೆ ಕಾಗದ ಹಾಕಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದನ್ನು ಅವಕಾಶ ಸಿಕ್ಕರೆ ಕಲಿತುಬಿಡಿ. 19ನೇ ಶತಮಾನದಲ್ಲಿ ಈಜಿಪ್ಟಿನ ಗೋಡೆಗಳ ಮೇಲೂ ಒದ್ದೆ ಕಾಗದದ ಅಚ್ಚುಗಳನ್ನು ತೆಗೆದರು. ಬಣ್ಣವಿದ್ದ ಕಡೆ ಆ ಕಾಗದ ಬಣ್ಣವನ್ನೇ ಕಿತ್ತುಕೊಂಡು ಬಂತು, ಹಾಗಾಗಿ ಈಗ ಅಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಆದರೆ ಆ ಹಳೆಯ ಅಚ್ಚುಗಳೇ ಇವತ್ತು ಮ್ಯೂಸಿಯಮ್ಮುಗಳಲ್ಲಿ ದಾಖಲೆಯಾಗಿ ಉಳಿದಿವೆ. ಕಲ್ಲಿನ ಮೇಲೆ ಓರೆಯಾಗಿ ಬೆಳಕು ಬಿಟ್ಟು ಸವೆದ ಅಕ್ಷರ ಹಿಡಿಯುವ ಕಣ್ಣು ಹಳಗನ್ನಡ ಶಾಸನದಲ್ಲಿ ಪಳಗಿದರೂ ಆಯಿತು, ಅದು ಈಜಿಪ್ಟಿನ ಅಬೈಡೋಸ್ ಊರಿನ ಸ್ಮಾರಕಶಿಲೆಗೂ ಕೆಲಸಕ್ಕೆ ಬರುತ್ತದೆ.

ಸ್ನಾತಕೋತ್ತರ ಪದವಿಗೆ ವಿಶ್ವವಿದ್ಯಾಲಯ ಆರಿಸುವಾಗ ಹೆಚ್ಚಿನವರು ರ‍್ಯಾಂಕಿಂಗ್ ಪಟ್ಟಿ ನೋಡುತ್ತಾರೆ. ನೀವು ಬೇರೊಂದನ್ನು ನೋಡಿ: ಅಲ್ಲಿ ಸ್ವಂತ ಈಜಿಪ್ಟ್ ಸಂಗ್ರಹ ಇದೆಯೇ, ವಿದ್ಯಾರ್ಥಿಗಳಿಗೆ ಅದನ್ನು ಮುಟ್ಟಲು ಬಿಡುತ್ತಾರೆಯೇ? ಯೂನಿವರ್ಸಿಟಿ ಕಾಲೇಜ್ ಲಂಡನ್ನಿಗೆ ಸುಮಾರು 80,000 ವಸ್ತುಗಳ ಪೆಟ್ರೀ ಮ್ಯೂಸಿಯಂ ಸೇರಿದೆ. ವೇಲ್ಸಿನ ಸ್ವಾನ್ಸಿಯಲ್ಲಿ ಈಜಿಪ್ಟ್ ಸೆಂಟರ್ ಇದೆ, ಅಲ್ಲಿ ಸ್ವಯಂಸೇವಕರಿಗೆ ಒಳ್ಳೆಯ ಜಾಗವಿದೆ. ಲಿವರ್‌ಪೂಲಿಗೆ ಗಾರ್‌ಸ್ಟ್ಯಾಂಗ್ ಮ್ಯೂಸಿಯಂ. ಆಕ್ಸ್‌ಫರ್ಡಿಗೆ ಆಶ್ಮೋಲಿಯನ್, ಜೊತೆಗೆ ಕಾರ್ಟರನ ಟಿಪ್ಪಣಿಗಳನ್ನು ಕಾಪಾಡಿರುವ ಗ್ರಿಫಿತ್ ಇನ್‌ಸ್ಟಿಟ್ಯೂಟ್. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೂ ತನ್ನದೇ ಈಜಿಪ್ಟ್ ಮ್ಯೂಸಿಯಂ ಇದೆ, ಅಮೆರಿಕದ ಷಿಕಾಗೊಗೂ ಇದೆ. ಕೈರೋದ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಓದಿದರೆ ಅರಬ್ಬಿ ಭಾಷೆ, ಈಜಿಪ್ಟಿನ ಸಹೋದ್ಯೋಗಿಗಳ ಪರಿಚಯ ಎರಡೂ ಒಟ್ಟಿಗೆ ಸಿಗುತ್ತವೆ. ಇದನ್ನು ನಮ್ಮವರು ಏಕೋ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ದುಡ್ಡಿನ ಮಾತು. ಬ್ರಿಟನ್ನಿಗೆ ಕಾಮನ್‌ವೆಲ್ತ್, ಚೀವನಿಂಗ್, ಫೀಲಿಕ್ಸ್ ವಿದ್ಯಾರ್ಥಿವೇತನಗಳಿವೆ. ಚೀವನಿಂಗ್ ಪಡೆದವರು ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತಿದೆ, ಅರ್ಜಿಗೆ ಮೊದಲೇ ಅದನ್ನು ಯೋಚಿಸಿ. ಇನ್‌ಲಾಕ್ಸ್ ಶಿವದಾಸಾನಿ ಪ್ರತಿಷ್ಠಾನ, ಜೆ.ಎನ್. ಟಾಟಾ ಎಂಡೋಮೆಂಟಿನ ಸಾಲರೂಪದ ನೆರವು ಬ್ರಿಟನ್, ಯುರೋಪ್, ಅಮೆರಿಕಕ್ಕೆ ಹೋಗುವವರು ನೋಡಬಹುದಾದವು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಖರ್ಚಿನ ದೃಷ್ಟಿಯಿಂದ ಮಧ್ಯಮ ವರ್ಗದ ಮನೆಯವರಿಗೆ ನಾನು ಮೊದಲು ತೋರಿಸುವ ದಾರಿ ಜರ್ಮನಿಯದೇ, ಡಾಡ್ ಎಂಬ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯ ವಿದ್ಯಾರ್ಥಿವೇತನ ಸಿಕ್ಕರೆ ಇನ್ನೂ ಹಗುರ. ಅದಕ್ಕೆ ತೆರಬೇಕಾದ ಬೆಲೆ ಜರ್ಮನ್ ಭಾಷೆ. ಆದರೆ ಜರ್ಮನ್ ಹೇಗೂ ಕಲಿಯಲೇಬೇಕು.

ಭಾಷೆಗಳು: ಇಲ್ಲಿ ಕಳ್ಳಬೀಳಬೇಡಿ

ಮಧ್ಯ ಈಜಿಪ್ಟಿಯನ್, ಅಂದರೆ ಹಳೆಯ ಈಜಿಪ್ಟಿನ ಭಾಷೆಯ ನಡುಗಾಲದ ರೂಪದಿಂದ ಶುರು ಮಾಡಿ. ಚಿಹ್ನೆಗಳ ಸಂಖ್ಯೆ ನೋಡಿ ಹೆದರಬೇಡಿ. ಅಲನ್ ಗಾರ್ಡಿನರ್ 20ನೇ ಶತಮಾನದ ಮೊದಲರ್ಧದಲ್ಲಿ ಮಾಡಿಟ್ಟ ಪಟ್ಟಿಯನ್ನೇ ಇಂದಿಗೂ ಎಲ್ಲರೂ ಬಳಸುತ್ತಾರೆ. ಮನುಷ್ಯರದ್ದು ಎ ಗುಂಪು, ಹಕ್ಕಿಗಳದ್ದು ಜಿ ಗುಂಪು. ಎ1 ಎಂದರೆ ಕುಳಿತ ಗಂಡಸು, ಜಿ17 ಎಂದರೆ ‘ಮ’ ಧ್ವನಿಯ ಗೂಬೆ. ಮನುಷ್ಯ, ಪ್ರಾಣಿಗಳ ಮುಖ ಯಾವ ದಿಕ್ಕಿಗಿದೆಯೋ ಆ ಕಡೆಯಿಂದ ಓದಬೇಕು ಎನ್ನುವುದು ಮೊದಲ ಪಾಠ.

ಮ್ಯೂಸಿಯಂ ಕೆಲಸಕ್ಕೆ ಬೇಕಾದ ಓದು ಕವಿತೆ, ಕಥೆಗಳಿಂದ ಆರಂಭವಾಗುವುದಿಲ್ಲ. ‘ಹೆತೆಪ್ ದಿ ನೆಸು’ ಎಂದು ಶುರುವಾಗುವ ಅರ್ಪಣೆಯ ಸೂತ್ರವನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಿ. ಸ್ಮಾರಕಶಿಲೆ, ಶವಪೆಟ್ಟಿಗೆ, ವಿಗ್ರಹ, ಎಲ್ಲಿ ನೋಡಿದರೂ ಅದೇ. ದೊರೆ ದೇವರಿಗೆ ಕೊಡುವ ಕಾಣಿಕೆ, ಆ ದೇವರು ಸತ್ತವನಿಗೆ ಕೊಡಲಿ ಎಂದು ಕೇಳುವ ರೊಟ್ಟಿ, ಬಿಯರು, ಎತ್ತು, ಹಕ್ಕಿ, ಅಲಬಾಸ್ಟರ್ ಪಾತ್ರೆ, ಬಟ್ಟೆ, ಕೊನೆಗೆ ‘ಇಂಥವನ ಕಾ ಎಂಬ ಚೇತನಕ್ಕೆ’ ಎಂದು ಹೆಸರು, ಹುದ್ದೆ. ಹೆಸರು ಸಿಕ್ಕರೆ ಅದೇ ವ್ಯಕ್ತಿಯ ಇತರ ವಸ್ತುಗಳನ್ನು ಬೇರೆ ಮ್ಯೂಸಿಯಮ್ಮುಗಳಲ್ಲಿ ಹುಡುಕಬಹುದು. ದೇವರ ಹೆಸರು ಸಿಕ್ಕರೆ ಊರಿನ ಸುಳಿವು: ಮಿನ್ ಎಂದರೆ ಅಖ್ಮಿಮ್ ಇರಬಹುದು, ಬಾಸ್ಟೆಟ್ ಎಂದರೆ ಬುಬಾಸ್ಟಿಸ್ ಇರಬಹುದು. ಆದರೆ ಒಸಿರಿಸ್ ‘ಅಬೈಡೋಸಿನ ಒಡೆಯ’ ಎಂದಿದ್ದ ಮಾತ್ರಕ್ಕೆ ವಸ್ತು ಅಬೈಡೋಸಿನದ್ದೇ ಎಂದು ಬರೆದುಬಿಟ್ಟರೆ ಕೆಟ್ಟಿರಿ, ಆ ಬಿರುದು ದೇಶದ ಉದ್ದಗಲಕ್ಕೂ ಬಳಕೆಯಲ್ಲಿತ್ತು. ಸೂತ್ರದಲ್ಲಿ ಚಿಹ್ನೆಗಳನ್ನು ಜೋಡಿಸುವ ಕ್ರಮ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಅದರಿಂದ ವಸ್ತುವಿನ ಕಾಲವನ್ನೂ ಅಂದಾಜಿಸಲು ಬರುತ್ತದೆ. ನಾಲ್ಕು ಸಾಲಿನ ಒಂದು ಸೂತ್ರ ಗಟ್ಟಿಯಾದರೆ ಉಗ್ರಾಣದ ದೊಡ್ಡ ಪಾಲು ನಿಮ್ಮೊಂದಿಗೆ ಮಾತಾಡುತ್ತದೆ.

ಮುಂದೆ ಹಿಯರ್ಯಾಟಿಕ್ ಎಂಬ ಕೈಬರಹದ ಲಿಪಿ, ಆಮೇಲೆ ಡೆಮೋಟಿಕ್ ಎಂಬ ಇನ್ನೂ ಈಚಿನ ಓಟದ ಬರಹ, ಕಾಪ್ಟಿಕ್. ಕಾಪ್ಟಿಕ್ ಎಂದರೆ ಗ್ರೀಕ್ ಅಕ್ಷರಗಳ ಜೊತೆ ಡೆಮೋಟಿಕ್ಕಿನ ಕೆಲವು ಚಿಹ್ನೆ ಸೇರಿಸಿ ಬರೆದ ಈಜಿಪ್ಟಿಯನ್, ಸ್ವರಗಳು ಕಾಣುವುದರಿಂದ ಓದಿಗೆ ಸುಖ. ಎಲ್ಲದರಲ್ಲೂ ಪಂಡಿತರಾಗಬೇಕಿಲ್ಲ. ಒಂದರಲ್ಲಿ ಆಳ, ಉಳಿದವು ಗುರುತಿಸುವಷ್ಟು ಸಾಕು.

ಬದುಕಿರುವ ಭಾಷೆಗಳಲ್ಲಿ ಇಂಗ್ಲಿಷ್ ಸಾಲದು. ಹಳೆಯ ಉತ್ಖನನ ವರದಿಗಳು, ಕೈರೋ ಮ್ಯೂಸಿಯಮ್ಮಿನ ಸಾಮಾನ್ಯ ಕ್ಯಾಟಲಾಗಿನ ಸಂಪುಟಗಳು, ನಿಘಂಟುಗಳು ಹೆಚ್ಚಾಗಿ ಫ್ರೆಂಚ್, ಜರ್ಮನ್ನಿನಲ್ಲಿವೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್ ಎರಡರಲ್ಲೂ ಪದವಿಯ ದಿನಗಳಲ್ಲೇ ಕಲಿತುಕೊಳ್ಳಬಹುದು. ಮಾತಾಡುವ ಅರಬ್ಬಿಯನ್ನು ಮಾತ್ರ ಬಿಡಬೇಡಿ. ತಮ್ಮ ದೇಶದ ವಸ್ತುವಿನ ಬಗ್ಗೆ ಮಾತಾಡಲು ಬರುವವರಿಗೆ ತಮ್ಮ ಭಾಷೆ ಒಂದಿಷ್ಟೂ ಬಾರದು ಎನ್ನುವುದನ್ನು ಈಜಿಪ್ಟಿನ ವಿದ್ವಾಂಸರು 19ನೇ ಶತಮಾನದಿಂದ ನೋಡುತ್ತ ಬಂದಿದ್ದಾರೆ. ಅಹ್ಮದ್ ಕಮಾಲ್ (1851–1923) ಎಂಬ ಈಜಿಪ್ಟಿನ ಮೊದಲ ತಲೆಮಾರಿನ ವಿದ್ವಾಂಸ ತನ್ನದೇ ದೇಶದ ಮ್ಯೂಸಿಯಮ್ಮಿನಲ್ಲಿ ಯುರೋಪಿಯನ್ನರ ಕೆಳಗೆ ಬಹಳ ಕಾಲ ದುಡಿಯಬೇಕಾಯಿತು.

ಕೈಯಲ್ಲಿ ಹಿಡಿಯುವುದು

ಎರಡು ಕೈ, ಕೆಳಗೆ ಮೆತ್ತನೆಯ ಹಾಸು, ಕಿವಿ ಅಥವಾ ಅಂಚು ಹಿಡಿದು ಎತ್ತಬಾರದು: ಇಷ್ಟು ಎಲ್ಲ ಮ್ಯೂಸಿಯಮ್ಮಿನಲ್ಲೂ ಮೊದಲ ದಿನ ಹೇಳಿಕೊಡುತ್ತಾರೆ. ಈಜಿಪ್ಟಿನ ವಸ್ತುಗಳಿಗೇ ವಿಶೇಷವಾದ ತೊಂದರೆಗಳು ಬೇರೆ. ಅಲ್ಲಿನ ಸುಣ್ಣಕಲ್ಲಿನಲ್ಲಿ ಉಪ್ಪು ಸೇರಿರುತ್ತದೆ. ಒಣ ಮರಳಿನಲ್ಲಿ ಸಾವಿರಾರು ವರ್ಷ ತೆಪ್ಪಗಿದ್ದ ಉಪ್ಪು, ಲಂಡನ್ನಿನ ಅಥವಾ ಕೋಲ್ಕತ್ತದ ತೇವಕ್ಕೆ ಕರಗಿ, ಮತ್ತೆ ಹರಳುಗಟ್ಟಿ, ಕೆತ್ತನೆಯ ಮೇಲ್ಪದರವನ್ನೇ ಉದುರಿಸುತ್ತದೆ. ಕಂಚಿನಲ್ಲಿ ಕ್ಲೋರೈಡ್ ಇದ್ದರೆ ಪಾಚಿಯಂಥ ತಿಳಿಹಸಿರು ಪುಡಿ ಏಳುತ್ತದೆ, ಅದನ್ನು ಕಂಚಿನ ರೋಗ ಎನ್ನುತ್ತಾರೆ. ಕಪಾಟಿನ ತೇವಾಂಶ ಇಳಿಸುವುದು ಅದಕ್ಕೆ ಮುಖ್ಯ ತಡೆ. ಮಿರುಗುವ ನೀಲಿ ಫೈಯಾನ್ಸ್ ನೋಡಿ ಮಣ್ಣಿನದು ಎಂದು ಬರೆಯಬೇಡಿ, ಅದು ಅರೆದ ಬೆಣಚುಕಲ್ಲಿಗೆ ಸುಣ್ಣ, ಕ್ಷಾರ ಬೆರೆಸಿ ಮಾಡಿದ್ದು, ನೀಲಿ ಬಣ್ಣ ತಾಮ್ರದ್ದು. ಹಳೆಯ ಮಮ್ಮಿಗಳಿಗೆ, ಮರದ ವಸ್ತುಗಳಿಗೆ ಹುಳು ಹಿಡಿಯದಿರಲೆಂದು ಹಿಂದಿನವರು ಆರ್ಸೆನಿಕ್ಕಿನಂಥ ವಿಷ ಬಳಿದಿರುವುದುಂಟು. ಕೈಗವಸು ಹಾಕಿಕೊಳ್ಳುವುದು ವಸ್ತುವಿನ ಹಿತಕ್ಕೆ ಮಾತ್ರ ಎಂದುಕೊಳ್ಳಬೇಡಿ.

ಆತುರದ ರಿಪೇರಿ ಏನು ಮಾಡುತ್ತದೆ ಎಂಬುದಕ್ಕೆ ಮತ್ತೆ ಆ ಮುಖವಾಡವೇ ಸಾಕ್ಷಿ. 2014ರಲ್ಲಿ ಕೈರೋದಲ್ಲಿ ಅದರ ಗಡ್ಡ ಕಳಚಿತು, ಎಪಾಕ್ಸಿ ಅಂಟಿನಿಂದ ಮೆತ್ತಿದರು, ಅಂಟು ಎದ್ದು ಕಾಣುತ್ತಿತ್ತು. 2015ರಲ್ಲಿ ತಜ್ಞರ ತಂಡ ಆ ಅಂಟನ್ನು ಮರದ ಉಪಕರಣಗಳಿಂದ ಹೆರೆದು ತೆಗೆದು ಜೇನುಮೇಣದಿಂದ ಮತ್ತೆ ಕೂಡಿಸಬೇಕಾಯಿತು. ನಮ್ಮಲ್ಲೂ 2020ರ ಆಗಸ್ಟಿನ ಮಳೆಗೆ ಜೈಪುರದ ಆಲ್ಬರ್ಟ್ ಹಾಲಿನ ನೆಲಮನೆಗೆ ನೀರು ನುಗ್ಗಿ, ಸಿಬ್ಬಂದಿ ಗಾಜಿನ ಪೆಟ್ಟಿಗೆ ಒಡೆದು ಮಮ್ಮಿಯನ್ನು ಮೇಲೆ ಸಾಗಿಸಿದರು. ಯಾವ ಮ್ಯೂಸಿಯಂ ಸೇರಿದರೂ ಮೊದಲ ವಾರವೇ ಕೇಳಿ: ನೀರು ಬಂದರೆ, ಬೆಂಕಿ ಬಿದ್ದರೆ ಮೊದಲು ಎತ್ತಬೇಕಾದದ್ದು ಯಾವುದು, ಕೀಲಿ ಯಾರ ಬಳಿ?

ಮಮ್ಮಿ ವಸ್ತುವಲ್ಲ, ಒಬ್ಬ ಮನುಷ್ಯ. ಬಟ್ಟೆ ಬಿಚ್ಚಿ ನೋಡುವ ಕಾಲ ಮುಗಿದಿದೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲನೆಯ ಅಮೆನ್‌ಹೋಟೆಪ್ ದೊರೆಯ ಶವವನ್ನು ಬಿಚ್ಚದೆಯೇ ಸಿಟಿ ಸ್ಕ್ಯಾನಿನಿಂದ ಒಳಗೆಲ್ಲ ನೋಡಿದರು. ಪ್ರದರ್ಶಿಸುವುದೇ ಸರಿಯೇ ಎಂಬ ಪ್ರಶ್ನೆಯನ್ನು ಸಂದರ್ಶನದಲ್ಲಿ ಕೇಳುವುದುಂಟು. ಗಿಳಿಪಾಠದ ಉತ್ತರ ಬೇಡ, ನಿಮ್ಮದೇ ನಿಲುವು, ಅದಕ್ಕೆ ಕಾರಣ ಇಟ್ಟುಕೊಂಡು ಹೋಗಿ.

ವಸ್ತುವಿನ ಹಿನ್ನೆಲೆ ಹುಡುಕುವುದು

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಬೆಂಗಳೂರಿನಲ್ಲಿ ಸೈಟು ಕೊಳ್ಳುವವರು ಮದರ್ ಡೀಡಿನಿಂದ ಹಿಡಿದು ಇವತ್ತಿನವರೆಗೆ ಕೈ ಬದಲಾದ ಒಂದೊಂದು ಪತ್ರವನ್ನೂ ನೋಡುತ್ತಾರಲ್ಲ, ನಡುವೆ ಒಂದು ಕೊಂಡಿ ತಪ್ಪಿದರೂ ಲಾಯರು ತಲೆ ಅಲ್ಲಾಡಿಸುತ್ತಾರಲ್ಲ, ಪುರಾವಸ್ತುವಿನ ವಿಚಾರವೂ ಹಾಗೆಯೇ.

ಕೆಲವು ವರ್ಷಗಳನ್ನು ತಲೆಯಲ್ಲಿ ಕೂರಿಸಿಕೊಳ್ಳಿ. 1858ರಲ್ಲಿ ಓಗ್ಯುಸ್ತ್ ಮಾರಿಯೆಟ್ ನೇತೃತ್ವದಲ್ಲಿ ಈಜಿಪ್ಟಿನ ಪುರಾತತ್ವ ಇಲಾಖೆ ಹುಟ್ಟಿತು. ಆಮೇಲೆ ಬಹುಕಾಲ, ಸಿಕ್ಕಿದ್ದನ್ನು ಅಗೆದವರಿಗೂ ಈಜಿಪ್ಟಿಗೂ ಹಂಚುವ ಪದ್ಧತಿ ಇತ್ತು. 1912ರ ಡಿಸೆಂಬರಿನಲ್ಲಿ ಅಮರ್ನಾದಲ್ಲಿ ಸಿಕ್ಕ ನೆಫರ್ಟಿಟಿ ರಾಣಿಯ ಎದೆಮಟ್ಟದ ಶಿಲ್ಪ ಬರ್ಲಿನ್ನಿಗೆ ಹೋದದ್ದು ಅಂಥ ಹಂಚಿಕೆಯಲ್ಲೇ, ಅದರ ಜಗಳ ಇಂದಿಗೂ ಮುಗಿದಿಲ್ಲ. ಪರವಾನಗಿ ಪಡೆದ ವ್ಯಾಪಾರಿಗಳಿದ್ದರು, ಕೈರೋ ಮ್ಯೂಸಿಯಮ್ಮಿನಲ್ಲೇ ಮಾರಾಟದ ಕೋಣೆಯೊಂದಿತ್ತು. 1970ರಲ್ಲಿ ಪುರಾವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದ ಬಂತು. ಈಜಿಪ್ಟಿನ 1983ರ 117ನೇ ಕಾನೂನು ಪುರಾವಸ್ತುಗಳ ವ್ಯಾಪಾರಕ್ಕೆ ಬಾಗಿಲು ಹಾಕಿತು. ಹಾಗಾಗಿ ಒಂದು ವಸ್ತು ಈಜಿಪ್ಟಿನಿಂದ ಹೊರಬಿದ್ದದ್ದು ಯಾವ ವರ್ಷ ಎನ್ನುವುದೇ ಮೊದಲ ಪ್ರಶ್ನೆ.

ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ನೆಜೆಮಾಂಖ್ ಎಂಬ ಪುರೋಹಿತನ ಚಿನ್ನದ ಲೇಪದ ಶವಪೆಟ್ಟಿಗೆಯನ್ನು ಸುಮಾರು 40 ಲಕ್ಷ ಡಾಲರಿಗೆ ಕೊಂಡಿತು. 1971ರ ರಫ್ತು ಪರವಾನಗಿ ಜೊತೆಗಿತ್ತು. ಅದರ ಸುತ್ತ ದೊಡ್ಡ ಪ್ರದರ್ಶನವನ್ನೂ ಮಾಡಿತು. ಪರವಾನಗಿ ನಕಲಿ, ಪೆಟ್ಟಿಗೆ ಈಜಿಪ್ಟಿನ 2011ರ ಕ್ರಾಂತಿಯ ಗದ್ದಲದಲ್ಲಿ ಲೂಟಿಯಾದದ್ದು ಎಂದು ನ್ಯೂಯಾರ್ಕಿನ ತನಿಖಾಧಿಕಾರಿಗಳು ತೋರಿಸಿದರು. 2019ರಲ್ಲಿ ಪೆಟ್ಟಿಗೆ ಈಜಿಪ್ಟಿಗೆ ಮರಳಿತು. ಇಂಥ ಕಾಗದವನ್ನು ಓದುವುದು ಹೇಗೆ? ಒಂದು ಮಾದರಿ ಹೇಳುತ್ತೇನೆ. 1971ರ ಸೆಪ್ಟೆಂಬರಿನವರೆಗೆ ಆ ದೇಶದ ಅಧಿಕೃತ ಹೆಸರು ಸಂಯುಕ್ತ ಅರಬ್ ಗಣರಾಜ್ಯ. ಅದೇ ವರ್ಷದ ಮೇ ತಿಂಗಳ ಪತ್ರದ ಮೇಲೆ ‘ಈಜಿಪ್ಟ್ ಅರಬ್ ಗಣರಾಜ್ಯ’ ಎಂಬ ಮೊಹರು ಕಂಡರೆ ಅಲ್ಲೇ ನಿಂತುಬಿಡಬೇಕು. ಟೈಪ್‌ರೈಟರ್ ಅಕ್ಷರ, ಸಹಿ ಮಾಡಿದ ಅಧಿಕಾರಿ ಆಗ ಆ ಹುದ್ದೆಯಲ್ಲಿದ್ದರೇ, ಅಂಚೆಚೀಟಿ ಆ ಕಾಲದ್ದೇ, ಎಲ್ಲವೂ ಪ್ರಶ್ನೆಗಳೇ.

ಮ್ಯೂಸಿಯಮ್ಮಿನ ಒಳಗೂ ಇದೇ ಶ್ರದ್ಧೆ ಬೇಕು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸುಮಾರು 2,000 ವಸ್ತುಗಳು ಕಳವಾಗಿವೆ ಅಥವಾ ಹಾಳಾಗಿವೆ ಎಂದು 2023ರಲ್ಲಿ ಬಯಲಾಯಿತು. ಅವು ಈಜಿಪ್ಟಿನವಲ್ಲ, ಗ್ರೀಕ್-ರೋಮನ್ ವಿಭಾಗದ ಸಣ್ಣ ಹರಳು, ಒಡವೆಗಳು. ಅವುಗಳಲ್ಲಿ ಎಷ್ಟೋ ವಸ್ತುಗಳಿಗೆ ಸರಿಯಾದ ದಾಖಲೆಯೇ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೈರೋ ಮ್ಯೂಸಿಯಮ್ಮಿನ ರಿಪೇರಿ ಕೋಣೆಯಿಂದಲೇ ಅಮೆನೆಮೋಪ್ ದೊರೆಯ ಚಿನ್ನದ ಬಳೆ ಹೋಯಿತು, ಹುಡುಕುವಷ್ಟರಲ್ಲಿ ಕರಗಿಸಿಬಿಟ್ಟಿದ್ದರು. ಆ ಬಳೆಯ ಮಟ್ಟಿಗೆ ಇನ್ನು ಉಳಿದಿರುವುದು ಫೋಟೋ, ಅಳತೆ, ವಿವರಣೆ ಅಷ್ಟೆ.

ಮಾರಾಟದ ಆಸೆಗೂ ಎಚ್ಚರವಿರಲಿ. ಇಂಗ್ಲೆಂಡಿನ ನಾರ್ಥಾಂಪ್ಟನ್ ನಗರಸಭೆ 2014ರಲ್ಲಿ ತನ್ನ ಮ್ಯೂಸಿಯಮ್ಮಿನಲ್ಲಿದ್ದ, ಸೆಖೆಮ್ಕಾ ಎಂಬ ಹಳೆಯ ಈಜಿಪ್ಟಿನ ಅಧಿಕಾರಿಯ ವಿಗ್ರಹವನ್ನು ಹರಾಜಿನಲ್ಲಿ ಸುಮಾರು 1.58 ಕೋಟಿ ಪೌಂಡಿಗೆ ಮಾರಿತು. ದುಡ್ಡು ಬಂತು, ಮ್ಯೂಸಿಯಮ್ಮಿನ ಮಾನ್ಯತೆ ಹೋಯಿತು.

ಅಭ್ಯಾಸಕ್ಕೆ ಒಂದು ಕೆಲಸ. ಬ್ರಿಟಿಷರ ಉತ್ಖನನಗಳಿಂದ ಹಂಚಿಹೋದ ವಸ್ತುಗಳನ್ನು ಹಿಂಬಾಲಿಸುವ ‘ಆರ್ಟಿಫ್ಯಾಕ್ಟ್ಸ್ ಆಫ್ ಎಕ್ಸ್‌ಕವೇಶನ್’ ಎಂಬ ಜಾಲತಾಣವಿದೆ. ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರೀ ಮತ್ತು ಅವನ ಜೊತೆಗಾರರು ಮಡಕೆಗಳ ಮೇಲೆ ಮಸಿಯಲ್ಲಿ, ಪೆನ್ಸಿಲಿನಲ್ಲಿ ಗೋರಿಯ ಸಂಖ್ಯೆ ಬರೆಯುತ್ತಿದ್ದರು. ಆ ಗುರುತುಗಳ ಮಾದರಿಗಳು ಅಲ್ಲಿವೆ. ನಿಮ್ಮ ಕೋಷ್ಟಕದ ಖಾಲಿ ಕಾಲಮ್ಮುಗಳಲ್ಲಿ ಒಂದನ್ನಾದರೂ ಅದರಿಂದ ತುಂಬಲು ಪ್ರಯತ್ನಿಸಿ.

ನಮ್ಮವರಿಗೆ ತೆರೆದಿರುವ ಒಂದು ಕಿಂಡಿ

ಪಿರಮಿಡ್ಡಿನ ಬಗ್ಗೆ ಬರೆಯಲು ಸಾವಿರ ಜನ ಕಾದಿದ್ದಾರೆ. ಭಾರತದಿಂದ ಬಂದವರಿಗೆ ಸಹಜವಾಗಿ ಒದಗುವ ವಿಷಯ ಕೆಂಪು ಸಮುದ್ರದ ವ್ಯಾಪಾರ. ಈಜಿಪ್ಟಿನ ಹಳೆಯ ಬೆರೆನಿಕೆ ಬಂದರಿನ ಸೆರಾಪಿಸ್ ಗುಡಿಯಲ್ಲಿ ಭಾರತದಲ್ಲಿ ಮಾಡಿದ ಒಂದು ಜಾಡಿ, ಅದರಲ್ಲಿ ಸುಮಾರು 7.5 ಕಿಲೊ ಕರಿಮೆಣಸು ಸಿಕ್ಕಿತು. ಅದೇ ಊರಿನಲ್ಲಿ 2022ರಲ್ಲಿ ಬುದ್ಧನ ಶಿಲ್ಪ ಸಿಕ್ಕಿತು. ಬ್ರಾಹ್ಮಿ, ಪ್ರಾಕೃತ, ದ್ರಾವಿಡ ಭಾಷೆ ಬಲ್ಲ ಈಜಿಪ್ಟಾಲಜಿಸ್ಟ್‌ಗಳು ವಿರಳ.

ಕನ್ನಡಿಗರು ಕೂಡಲೇ ಈಜಿಪ್ಟಿನ ಆಕ್ಸಿರಿಂಕಸ್ ಊರಿನಲ್ಲಿ ಸಿಕ್ಕ ಪಪೈರಸ್ 413 ನೆನಪಿಸಿಕೊಳ್ಳುತ್ತಾರೆ. 1903ರಲ್ಲಿ ಪ್ರಕಟವಾದ ಆ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಮಾತು ಕನ್ನಡ ಎಂದು ಹುಲ್ಟ್ಜ್ 1904ರಲ್ಲಿ ವಾದಿಸಿದ. ಶಾಮಾಶಾಸ್ತ್ರಿ, ಗೋವಿಂದ ಪೈ ಅದನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಅಷ್ಟೇ ಇದ್ದಾರೆ. ಅಭಿಮಾನವನ್ನು ಪಕ್ಕಕ್ಕಿಟ್ಟು ಗ್ರೀಕ್, ಹಳಗನ್ನಡ ಎರಡನ್ನೂ ಕಲಿತು ಕೂರುವ ತಾಳ್ಮೆ ಇದ್ದರೆ ಕೈ ಹಾಕಿ. ಪ್ರವೇಶದ ಅರ್ಜಿಯಲ್ಲಿ ಮಾತ್ರ ‘ಕನ್ನಡವೇ ಎಂದು ಸಾಬೀತು ಮಾಡುತ್ತೇನೆ’ ಎಂದು ಬರೆಯಬೇಡಿ.

ಕೆಲಸ ಹುಡುಕುವುದು

ಹುದ್ದೆಗಳು ಬೆರಳೆಣಿಕೆ. ಒಂದು ಕಾಯಂ ಜಾಗ ಖಾಲಿಯಾದರೆ ಹಲವು ದೇಶಗಳಿಂದ ಅರ್ಜಿ ಬರುತ್ತವೆ. ದೊಡ್ಡ ಮ್ಯೂಸಿಯಮ್ಮುಗಳು ಸಾಮಾನ್ಯವಾಗಿ ಪಿಎಚ್‌ಡಿ ನಿರೀಕ್ಷಿಸುತ್ತವೆ. ಹೀಗಾಗಿ ಕಾಯಂ ಕೆಲಸ ಸಿಗುವಾಗ ವಯಸ್ಸು ಮೂವತ್ತು ದಾಟಿರುವುದು ಮಾಮೂಲು. ಸಂಬಳ ಸಾಫ್ಟ್‌ವೇರಿನವರದ್ದಕ್ಕೆ ಹೋಲಿಸುವಂಥದ್ದಲ್ಲ, ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಬ್ರಿಟನ್ನಿನಲ್ಲಿ ಪ್ರಾಜೆಕ್ಟ್ ಕ್ಯುರೇಟರ್, ಸಹಾಯಕ ಕ್ಯುರೇಟರ್ ಎಂಬ ಅವಧಿ ಗುತ್ತಿಗೆಗಳಿಂದ ಒಳಹೊಕ್ಕುವುದು ರೂಢಿ. ಲೆಸ್ಟರ್ ವಿಶ್ವವಿದ್ಯಾಲಯದ ಮ್ಯೂಸಿಯಂ ಜಾಬ್ಸ್ ಡೆಸ್ಕಿನಲ್ಲಿ ಜಾಹೀರಾತು ಬರುತ್ತವೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಎರಡು ವರ್ಷದ ‘ವೊಲೊಂಟಾರಿಯಾಟ್’ ಎಂಬ ತರಬೇತಿ ನೌಕರಿ ಇದೆ. ಫ್ರಾನ್ಸಿನಲ್ಲಿ ಸರ್ಕಾರಿ ಮ್ಯೂಸಿಯಮ್ಮಿನ ಕ್ಯುರೇಟರ್ ಆಗಲು ಸ್ಪರ್ಧಾ ಪರೀಕ್ಷೆ, ಅದಕ್ಕೆ ಐರೋಪ್ಯ ಪೌರತ್ವ ಬೇಕು, ಆ ದಾರಿ ನಮಗೆ ಮುಚ್ಚಿದಂತೆಯೇ. ಈಜಿಪ್ಟಿನ ಸರ್ಕಾರಿ ಮ್ಯೂಸಿಯಮ್ಮುಗಳಲ್ಲಿ ಈಜಿಪ್ಟಿನವರೇ ಇರುತ್ತಾರೆ, ಇರಬೇಕಾದದ್ದೂ ಹಾಗೆಯೇ. ನೀವು ಅವರೊಡನೆ ಜಂಟಿ ಯೋಜನೆಗಳಲ್ಲಿ ದುಡಿಯಬಹುದು.

ಭಾರತದಲ್ಲೇ ಇದ್ದುಕೊಂಡು ಬರುವ ದಾರಿಯನ್ನು ಕಡೆಗಣಿಸಬೇಡಿ. ಯಾವುದಾದರೂ ಮ್ಯೂಸಿಯಮ್ಮಿನಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷ ಅನುಭವ ಪಡೆದರೆ, ಬ್ರಿಟಿಷ್ ಮ್ಯೂಸಿಯಂ 2006ರಿಂದ ನಡೆಸುತ್ತಿರುವ ಅಂತಾರಾಷ್ಟ್ರೀಯ ತರಬೇತಿ ಕಾರ್ಯಕ್ರಮಕ್ಕೆ ಹೆಸರು ಬರಬಹುದು. ಅದರಲ್ಲಿ ಭಾರತೀಯರೂ ಈಜಿಪ್ಟಿನವರೂ ಒಟ್ಟಿಗೆ ಇರುತ್ತಾರೆ. ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಅಲ್ಪಾವಧಿ ಭೇಟಿಗೆ ನೆರವು ಕೊಡುತ್ತದೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ 2023ರ ಡಿಸೆಂಬರಿನಲ್ಲಿ ಭಾರತ, ಈಜಿಪ್ಟ್, ಅಸ್ಸೀರಿಯಾ, ಗ್ರೀಸ್, ರೋಮ್‌ಗಳ ಶಿಲ್ಪಗಳನ್ನು ಒಂದೇ ಸೂರಿನಡಿ ತಂದಿತ್ತು. ಇಂಥ ಪ್ರದರ್ಶನಗಳಿಗೆ ಎರಡೂ ಕಡೆಯ ವಸ್ತು ಬಲ್ಲವರು ಬೇಕು.

ಅರ್ಜಿಯ ಜೊತೆ ಕಳಿಸಲು ನಾಲ್ಕು ಕಾಗದ ಸಿದ್ಧವಿರಲಿ: ಒಂದೇ ವಸ್ತುವಿನ ಬಗ್ಗೆ ಎರಡು ಪುಟದ ಪೂರ್ಣ ದಾಖಲೆ, ಅದೇ ವಸ್ತುವಿನ 60 ಪದದ ಲೇಬಲ್, ನೀವು ನಮೂದಿಸಿದ ಸಂಗ್ರಹದ ಮಾದರಿ ಕೋಷ್ಟಕ, ಉಗ್ರಾಣದಲ್ಲಿ ನಿಮ್ಮ ಕೆಲಸ ನೋಡಿದವರ ಶಿಫಾರಸು ಪತ್ರ. ಪ್ರಾಧ್ಯಾಪಕರ ಹೊಗಳಿಕೆಗಿಂತ ಉಗ್ರಾಣದ ಮೇಲ್ವಿಚಾರಕರ ನಾಲ್ಕು ಸಾಲಿಗೆ ಇಲ್ಲಿ ಬೆಲೆ ಹೆಚ್ಚು. ಐಕಾಮ್ ಎಂಬ ಮ್ಯೂಸಿಯಮ್ಮುಗಳ ಅಂತಾರಾಷ್ಟ್ರೀಯ ಸಂಸ್ಥೆಯ ಈಜಿಪ್ಟಾಲಜಿ ಸಮಿತಿ ಸಿಪೆಗ್‌ನ ವಾರ್ಷಿಕ ಸಭೆಯಲ್ಲಿ ಒಂದು ಸಣ್ಣ ಪ್ರಬಂಧ ಓದಿದರೆ, ಮುಂದೆ ನಿಮ್ಮನ್ನು ಸಂದರ್ಶಿಸುವವರಲ್ಲಿ ಕೆಲವರಾದರೂ ನಿಮ್ಮ ಮುಖ ಕಂಡಿರುತ್ತಾರೆ.

ಮೊದಲ ಗುತ್ತಿಗೆ ಮುಗಿಯುವ ತಿಂಗಳು ಹೊಸ ಕೆಲಸ ಹುಡುಕುವ ಆತಂಕದಲ್ಲಿ ಒಂದನ್ನು ಮರೆಯುವವರೇ ಹೆಚ್ಚು. ನೀವು ಯಾವ ಕಪಾಟಿನವರೆಗೆ ನಮೂದಿಸಿದಿರಿ, ಯಾವ ಸಂಖ್ಯೆ ಎರಡು ವಸ್ತುಗಳಿಗೆ ಬಿದ್ದಿದೆ, ಯಾವುದರ ಹಿನ್ನೆಲೆ ಅರ್ಧಕ್ಕೆ ನಿಂತಿದೆ ಎಂದು ಹಸ್ತಾಂತರ ಟಿಪ್ಪಣಿ ಬರೆದು, ದಾಖಲಾತಿ ವಿಭಾಗದವರಿಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಒಪ್ಪಿಗೆ ಇದ್ದರೆ ಅದರ ಒಂದು ಪ್ರತಿ ಮುಂದಿನ ಅರ್ಜಿಗೆ ಲಗತ್ತಿಸಿ.